ಹದಿನಾಲ್ಕು ಅಡಿ ಎತ್ತರದ ಬಂದಳಿಕೆ

ಪೆರಿಬ್ರೂಕ್ ಊರ ಪರಿಷತ್ತಿನ ನಡಾವಳಿ ಪುಸ್ತಕದಲ್ಲಿ ಈವರೆಗೆ ಒಂದೇ ಒಂದು ತಪ್ಪೂ ದಾಖಲಾಗಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ವಸ್ತುಸ್ಥಿತಿಯೆಂದು ಹೇಳುತ್ತಿದ್ದೇನೆ. ಮೂವತ್ತೊಂದು ವರ್ಷ ಆ ಪುಸ್ತಕ ಬರೆದ ಗುಮಾಸ್ತ ನಾನು, ಆಂಬ್ರೋಸ್ ಬ್ಯಾಡಮ್. ತಪ್ಪುಗಳು ನಡೆದೇ ಇಲ್ಲವೆಂದು ಇದರರ್ಥವಲ್ಲ. ನಡೆದದ್ದು ಮುಂದಿನ ಸಭೆಯಲ್ಲಿ ಅನುಮೋದನೆಯಾಗಿ, ಕೆಳಗೆ ಅಧ್ಯಕ್ಷರ ಸಹಿ ಬಿದ್ದ ಮೇಲೆ ಅದನ್ನು ತಪ್ಪು ಎನ್ನುವ ಅಧಿಕಾರ ಯಾರಿಗೂ ಉಳಿಯುವುದಿಲ್ಲ, ಅಷ್ಟೆ.

ನನ್ನ ಕೆಲಸದ ಕ್ರಮ ಹೀಗಿತ್ತು. ಸಭೆಯ ಮಾರನೆಯ ದಿನ ಚರ್ಚೆಯಾದ ವಿಷಯಗಳನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಪುಸ್ತಕದಲ್ಲಿ ಬರೆದು, ಪ್ರತಿಯೊಂದರ ಕೆಳಗೂ ಅಂಗೈಯಗಲ ಜಾಗ ಬಿಡುತ್ತಿದ್ದೆ. ಠರಾವುಗಳನ್ನು ಬೇರೆ ಚೀಟಿಗಳಲ್ಲಿ ಟೈಪು ಮಾಡಿ ಆ ಜಾಗಗಳಲ್ಲಿ ಅಂಟಿಸುತ್ತಿದ್ದೆ. ಪುಸ್ತಕದಲ್ಲಿ ಹೊಡೆದುಹಾಕಿದ ಗೆರೆ ಕಾಣಬಾರದೆಂದು ನನಗಿಂತ ಹಿಂದಿನ ಗುಮಾಸ್ತರು ಕಂಡುಕೊಂಡ ಉಪಾಯ ಇದು. ಸಾವಿರದ ಒಂಬೈನೂರ ಅರವತ್ತಮೂರರ ನವೆಂಬರ್ ಸಭೆಯ ಚೀಟಿಗಳನ್ನು ಅಂಟಿಸುತ್ತಿದ್ದಾಗ ನನ್ನ ಅಕ್ಕ ಮೆರಿಯೆಲ್ ಕೆಳಗಿನಿಂದ ಊಟಕ್ಕೆ ಕೂಗಿದಳು. ಅಂದು ಮಾಂಸದ ಕಡುಬು ಮಾಡಿದ್ದಳು. ಅದು ಆರಿದರೆ ಬಾಯಿಗಿಡಲಾಗುವುದಿಲ್ಲ. ಏಳನೆಯ ವಿಷಯದ ಕೆಳಗೆ ಎಂಟರ ಚೀಟಿಯನ್ನೂ, ಎಂಟರ ಕೆಳಗೆ ಏಳರ ಚೀಟಿಯನ್ನೂ ಅಂಟಿಸಿ, ಕೈ ತೊಳೆದುಕೊಂಡು, ನಾನು ಕೆಳಗಿಳಿದೆ.

ಏಳನೆಯ ವಿಷಯ, ಕ್ರಿಸ್‌ಮಸ್ ಹಬ್ಬಕ್ಕೆ ಮನೆಗಳಲ್ಲಿ ಬಂದಳಿಕೆ ತೂಗುಹಾಕುವುದು. ಎಂಟನೆಯ ವಿಷಯ, ಮಾರ್ಕೆಟ್ ಬೀದಿಯ ದೀಪಗಳು ಮತ್ತು ಅಂಗಡಿ ಫಲಕಗಳು.

ಮನೆಯೊಳಗಿನ ಬಂದಳಿಕೆಗೂ ಪರಿಷತ್ತಿಗೂ ಏನು ಸಂಬಂಧ ಎಂದು ಹೊರಗಿನವರು ಕೇಳುವುದುಂಟು. ನಮ್ಮ ಹೆರಿಫರ್ಡ್‌ಶೈರಿನ ಸೇಬಿನ ತೋಟಗಳಲ್ಲಿ ಕೆಲವು ವರ್ಷ ಸೇಬಿಗಿಂತ ಬಂದಳಿಕೆಯೇ ಹೆಚ್ಚು ಬರುತ್ತದೆ. ಸ್ವಂತ ಬೇರಿಲ್ಲದೆ, ಇನ್ನೊಬ್ಬರ ಕೊಂಬೆಯ ಮೇಲೆ ಕೂತು, ಚಳಿಗಾಲದಲ್ಲೂ ಹಸಿರಾಗಿರುವ ಈ ಗಿಡವನ್ನು ಪರಿಷತ್ತಿನ ಸದಸ್ಯರು ಮೊದಲಿನಿಂದಲೂ ಗೌರವದಿಂದ ಕಂಡಿದ್ದಾರೆ. ಹಾಗಾಗಿ ಪ್ರತಿ ನವೆಂಬರಿನಲ್ಲೂ ಒಂದು ಠರಾವು ಆಗುತ್ತದೆ. ಅದರ ಮಾತುಗಳು ನನಗೆ ಬಾಯಿಪಾಠ: “ಹಿರಿಯರ ಪದ್ಧತಿಯಂತೆ ಇದರ ಕೆಳಗೆ ಒಪ್ಪಿಗೆಯುಳ್ಳ ಇಬ್ಬರು ನಿಂತು ಮುತ್ತು ಕೊಟ್ಟುಕೊಳ್ಳಬಹುದು. ಒಂದು ಮುತ್ತಿಗೆ ಒಂದರಂತೆ ಕಿತ್ತು ತೆಗೆಯತಕ್ಕದ್ದು. ಎಲ್ಲವೂ ಮುಗಿದ ಮೇಲೆ ಆ ವರ್ಷಕ್ಕೆ ಮುತ್ತು ಮುಗಿಯಿತೆಂದು ತಿಳಿಯತಕ್ಕದ್ದು.” ಕಿತ್ತು ತೆಗೆಯುವುದು ಬಂದಳಿಕೆಯ ಬಿಳಿ ಹಣ್ಣನ್ನು. ಅದು ಎಲ್ಲರಿಗೂ ಗೊತ್ತಿರುವುದರಿಂದ ಚೀಟಿಯಲ್ಲಿ ಬರೆಯುವ ಪದ್ಧತಿ ಇರಲಿಲ್ಲ.

ಡಿಸೆಂಬರ್ ಎರಡರಂದು ಸಭೆ ಸೇರಿತು. ಹಿಂದಿನ ನಡಾವಳಿಯನ್ನು ಓದಿದ್ದೇವೆಂದು ಭಾವಿಸೋಣವೇ ಎಂದು ಅಧ್ಯಕ್ಷರು ಕೇಳಿದರು. ಒಂಬತ್ತು ಸದಸ್ಯರೂ ಭಾವಿಸಿದರು. ಅಧ್ಯಕ್ಷರು ಸಹಿ ಹಾಕಿದರು. ಮಾರನೆಯ ದಿನ ನಾನು ಎರಡೂ ಠರಾವುಗಳನ್ನು ಪುಸ್ತಕದಲ್ಲಿದ್ದಂತೆಯೇ ನಕಲು ಮಾಡಿ ಸೂಚನಾ ಫಲಕಕ್ಕೆ ಹಚ್ಚಿದೆ. ಹಚ್ಚುವಾಗ ನನಗೆ ಗೊತ್ತಾಯಿತು. ಅಷ್ಟರಲ್ಲಿ ಸಹಿ ಆಗಿಹೋಗಿತ್ತು.

ಮೊದಲನೆಯ ಸೂಚನೆ ಹೀಗಿತ್ತು:

“ಮನೆಗಳಲ್ಲಿ ತೂಗುಹಾಕುವ ಬಂದಳಿಕೆಯ ಬಗ್ಗೆ. ಒಂದು, ಇದರ ತಳಭಾಗವು ನೆಲದಿಂದ ಹದಿನಾಲ್ಕು ಅಡಿಗೆ ಕಡಿಮೆಯಿಲ್ಲದ ಎತ್ತರದಲ್ಲಿದ್ದು, ಹುಲ್ಲು ತುಂಬಿದ ಲಾರಿ ಸರಾಗವಾಗಿ ಕೆಳಗೆ ಹಾಯುವಂತಿರತಕ್ಕದ್ದು. ಎರಡು, ತೂಗುಹಾಕುವ ಮುನ್ನ ಕೊಂಡಿಗೆ ಎಂಟು ಸ್ಟೋನ್ (ನೂರ ಹನ್ನೆರಡು ಪೌಂಡು) ತೂಕದ ಮೂಟೆಯನ್ನು ಅರ್ಧ ಗಂಟೆ ನೇತುಹಾಕಿ ಪರೀಕ್ಷಿಸತಕ್ಕದ್ದು. ಮೂರು, ಪರಿಷತ್ತಿನ ಹಸಿರು ಬಣ್ಣವನ್ನು ಎರಡು ಸಲ ಬಳಿಯತಕ್ಕದ್ದು. ನಾಲ್ಕು, ಇದರ ಕೆಳಗೆ ಯಾರೂ ನಿಲ್ಲತಕ್ಕದ್ದಲ್ಲ. ಎಲ್ಲರೂ ಎಡಬದಿಯಲ್ಲಿ ಚಲಿಸುತ್ತಿರತಕ್ಕದ್ದು.”

ಮಾರ್ಕೆಟ್ ಬೀದಿಯ ಇಪ್ಪತ್ತೆರಡು ದೀಪಗಳ ಕೆಳಗೆ ಒಪ್ಪಿಗೆಯುಳ್ಳ ಇಬ್ಬರು ಏನು ಮಾಡಬಹುದು, ಮಾಡಿದ ಮೇಲೆ ಏನನ್ನು ಕಿತ್ತು ತೆಗೆಯತಕ್ಕದ್ದು ಎಂಬುದು ಎರಡನೆಯ ಸೂಚನೆಯಲ್ಲಿತ್ತು.

ಫಲಕದ ಮುಂದೆ ಜನ ಸೇರಿದರು. ನಾನು ಕಿಟಕಿಯ ಪರದೆಯ ಹಿಂದೆ ನಿಂತು ಬೈಗುಳಕ್ಕಾಗಿ ಕಾದೆ. ಬೇಕರಿಯ ಮಿಸೆಸ್ ಲೈಡ್ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು.

“ಹದಿನಾಲ್ಕು ಅಡಿನಾ?” ಎಂದರು.

“ಹದಿನಾಲ್ಕು,” ಎಂದರು ಪಕ್ಕದಲ್ಲಿದ್ದ ವೈದ್ಯರು.

“ಸ್ವಲ್ಪ ಜಾಸ್ತಿ ಆಯ್ತೇನೋ ಅಂತ.”

“ಹೂಂ. ಏನೋ ಯೋಚ್ನೆ ಮಾಡೇ ಬರ್ದಿರ್ತಾರೆ ಬಿಡಿ.”

“ಅದೂ ನಿಜ. ಮಳೆ ಬರೋ ಹಾಗಿದೆ ಅಲ್ವಾ?”

“ಬರೋ ಹಾಗಿದೆ.”

ಊರಿನ ಪ್ರತಿಭಟನೆ ಇಷ್ಟಕ್ಕೇ ಮುಗಿಯಿತು.

ಅಧ್ಯಕ್ಷರಾದ ಹ್ಯುಬರ್ಟ್ ಗಾಡ್‌ಸಾಲ್ ಅವರದು ಕಬ್ಬಿಣದ ಸಾಮಾನಿನ ಅಂಗಡಿ. ಉದ್ದದ ಏಣಿ, ಕೊಂಡಿ, ತೂಕದ ಮೂಟೆ, ಹಸಿರು ಬಣ್ಣ, ಎಲ್ಲವೂ ಆ ವಾರ ಅವರಲ್ಲಿ ದಾಸ್ತಾನಿದ್ದದ್ದು ಊರಿನ ಪುಣ್ಯ. ಬೀದಿಯಿಂದ ಕಿತ್ತು ತೆಗೆದ ದೀಪಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ತಮ್ಮ ಉಗ್ರಾಣದಲ್ಲೇ ಇಟ್ಟುಕೊಳ್ಳಲು ಒಪ್ಪಿದರು. ಹಬ್ಬದ ನಂತರ ಊರಿಗೆ ದೀಪಗಳು ಬೇಕಾಗುತ್ತವೆಂದು ಮುಂದಾಲೋಚನೆಯಿಂದ ಅವೇ ದೀಪಗಳನ್ನು ಊರಿಗೆ ಮಾರಲೂ ಒಪ್ಪಿದರು. ಅವರ ಅಳಿಯ ಡೆನ್ಜಿಲ್ ಅದುವರೆಗೆ ಮನೆಮನೆಗೆ ಸೀಮೆಎಣ್ಣೆ ಹಾಕುತ್ತಿದ್ದ. ಅವನನ್ನು ಮೇಲ್ತೂಗು ವಸ್ತುಗಳ ತಪಾಸಕನನ್ನಾಗಿ ನೇಮಿಸಲಾಯಿತು. ಏಣಿ ಹತ್ತಲು ಬರುತ್ತಿದ್ದವನು ಅವನೊಬ್ಬನೇ ಎಂದು ನಡಾವಳಿಯಲ್ಲಿದೆ.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ಮೆರಿಯೆಲ್‌ಗೆ ಆಗ ನಲವತ್ತೊಂಬತ್ತು. ಸೈಲಸ್ ಪ್ರೋಬರ್ಟ್ ಎಂಬ ತೋಟಗಾರನಿಗೆ ಐವತ್ತನಾಲ್ಕು. ಒಂದು ಕೊಂಬೆ ಕಡಿಯಬೇಕಾದರೆ ಎರಡು ಚಳಿಗಾಲ ಯೋಚಿಸುವ ಮನುಷ್ಯ ಅವನು. ಹನ್ನೊಂದು ವರ್ಷದಿಂದ ಪ್ರತಿ ಕ್ರಿಸ್‌ಮಸ್ ಮುನ್ನಾದಿನ ತಾನೇ ಕೊಯ್ದ ಬಂದಳಿಕೆಯ ಗೊಂಚಲು ತಂದು, ನಮ್ಮ ಕೂರುವ ಕೋಣೆಯ ಕೊಂಡಿಗೆ ಕಟ್ಟಿ, ಅದರ ಕೆಳಗೇ ನಿಂತು, ಸೇಬಿನ ಮರದ ಕಜ್ಜಿರೋಗದ ಬಗ್ಗೆ ಒಂದು ಗಂಟೆ ಮಾತಾಡಿ, ಟೋಪಿ ಹಾಕಿಕೊಂಡು ಹೊರಟುಹೋಗುತ್ತಿದ್ದ. ಹಿಂದಿನ ವರ್ಷ ಒಂದು ಹಣ್ಣನ್ನು ಕಿತ್ತು ಕೈಯಲ್ಲಿ ಹಿಡಿಯುವವರೆಗೂ ಬಂದಿದ್ದ. ಆಗ ಒಲೆಯ ಮೇಲಿನ ನೀರು ಕುದಿಯಿತು. ಅವನು ಹಣ್ಣನ್ನು ಜೇಬಿಗೆ ಹಾಕಿಕೊಂಡು ಹೋದ. ಅಕ್ಕ ಈಸ್ಟರ್‌ವರೆಗೆ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ಆ ವರ್ಷ ಅವಳು ಕಾಯುವ ಸ್ಥಿತಿಯಲ್ಲಿರಲಿಲ್ಲ. ಸ್ಕಾರ್‌ಬರೋದಲ್ಲಿ ವಸತಿಗೃಹ ನಡೆಸುವ ನಮ್ಮ ಸೋದರತ್ತೆಯ ಮಗಳು, ಬಂದು ಮೇಲ್ವಿಚಾರಣೆ ನೋಡಿಕೋ ಎಂದು ಕಾಗದ ಬರೆದಿದ್ದಳು. ಜನವರಿ ಎರಡರ ರೈಲಿಗೆ ಅಕ್ಕ ಟಿಕೆಟ್ ತೆಗೆದಿದ್ದಳು. “ಈ ಕ್ರಿಸ್‌ಮಸ್ಸಿಗೆ ಆ ಮನುಷ್ಯ ಬಾಯಿ ಬಿಟ್ರೆ ಟಿಕೆಟ್ ಹರಿದು ಹಾಕ್ತೀನಿ. ಬಿಡ್ಲಿಲ್ವಾ, ಸಮುದ್ರದ ಗಾಳಿ ಕುಡ್ಕೊಂಡು ಸಾಯ್ತೀನಿ,” ಎಂದು ನನಗೆ ಹೇಳಿದ್ದಳು. ಅವಳು ಹೋದರೆ ನನ್ನ ಊಟದ ಗತಿಯೇನು ಎಂಬ ಯೋಚನೆ ನನಗೆ ಬರಲೇ ಇಲ್ಲವೆಂದರೆ ಸುಳ್ಳಾದೀತು.

ಡಿಸೆಂಬರ್ ಹತ್ತರಂದು ಡೆನ್ಜಿಲ್ ಅಳತೆಪಟ್ಟಿಯೊಂದಿಗೆ ನಮ್ಮ ಮನೆಗೆ ಬಂದ.

“ಕ್ಷಮಿಸಿ ಮಿಸ್ ಬ್ಯಾಡಮ್. ನಿಮ್ಮ ಕೊಂಡಿ ಆರೂವರೆ ಅಡಿಗಿದೆ. ಹುಲ್ಲಿನ ಲಾರಿ ಹಾಯೋಕಾಗಲ್ಲ.”

“ನಾನು ಕೂರೋ ಕೋಣೇಲಿ ಹುಲ್ಲಿನ ಲಾರಿ ಯಾಕಪ್ಪಾ ಹಾಯುತ್ತೆ?”

“ಹಾಯುತ್ತೆ ಅಂತ ನಾನೆಲ್ಲಿ ಹೇಳ್ದೆ? ಹಾಯ್ದ್ರೆ ಅಂತ.”

“ಹಾಯ್ಬೇಕಾದ್ರೆ ಮೊದ್ಲು ಗೋಡೆ ಒಡ್ಕೊಂಡು ಒಳಗೆ ಬರ್ಬೇಕಲ್ಲ!”

“ಗೋಡೆ ನನ್ನ ವ್ಯಾಪ್ತಿಗೆ ಬರಲ್ಲ. ನಂದು ಮೇಲ್ತೂಗು ಮಾತ್ರ. ಟೀ ಇದ್ರೆ ಒಂದು ಲೋಟ ಕೊಡಿ, ತುಂಬಾ ಚಳಿ.”

ಟೀ ಕುಡಿದು ಅವನು ವರದಿ ಬರೆದ. ಅದರಂತೆ ಕೂರುವ ಕೋಣೆಯ ಸೂರಿಗೆ ಮೇಜಿನಗಲ ತೂತು ಕೊರೆಯಲಾಯಿತು. ಸೂರಿನ ಮೇಲೆ ನನ್ನ ಮಲಗುವ ಕೋಣೆ. ಮಂಚವನ್ನು ಗೋಡೆಗೆ ಸರಿಸಿ, ಬಂದಳಿಕೆಯನ್ನು ಹೆಂಚಿನ ಕೆಳಗಿನ ತೊಲೆಗೆ ಕಟ್ಟುವುದೆಂದು ತೀರ್ಮಾನವಾಯಿತು. ಮೊದಲು ಆಲೂಗಡ್ಡೆಯ ಮೂಟೆ ನೇತುಹಾಕಿ ಪರೀಕ್ಷೆ ನಡೆಯಿತು. ತೊಲೆ ತೇರ್ಗಡೆಯಾಯಿತು, ಮೂರು ಹೆಂಚು ಬಿದ್ದವು. ಆಮೇಲೆ, ಬಣ್ಣ ಒಣಗಲು ಸಮಯ ಬೇಕೆಂದು ಸೈಲಸ್ ಆ ಸಲ ಮೊದಲೇ ತಂದ ಗೊಂಚಲಿಗೆ ಎರಡು ಸಲ ಹಸಿರು ಬಣ್ಣ ಬಳಿದರು. ಎಲೆ ಯಾವುದು, ಹಣ್ಣು ಯಾವುದು ತಿಳಿಯದಂತೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಒಣಗಿತು. ಸೈಲಸ್ ಅದನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದ.

“ಗಟ್ಟಿಯಾಗಿದೆ,” ಎಂದ ಕೊನೆಗೆ.

ಊರಲ್ಲಿ ಎಲ್ಲರ ಮನೆಯಲ್ಲೂ ಇದೇ ಆಯಿತು. ಸೂರು ಕೊರೆಯಲು ಮನಸ್ಸಿಲ್ಲದವರು ನೆಲ ಅಗೆದರು. ವೈದ್ಯರ ಮನೆಯ ನಡುಕೋಣೆಯಲ್ಲಿ ಎಂಟಡಿಯ ಗುಂಡಿ ಇತ್ತು, ಇಳಿಯಲು ಮೆಟ್ಟಿಲೂ ಇತ್ತು. ಬಂದ ಅತಿಥಿಗಳು ಚೆನ್ನಾಗಿದೆ ಎಂದರು. ಬಂದಳಿಕೆ ಇಲ್ಲದೆ ವರ್ಷ ಕಳೆಯುವ ಮನೆಗೆ ಒಳ್ಳೆಯದಾಗುವುದಿಲ್ಲವೆಂಬುದು ನಮ್ಮ ಕಡೆಯ ನಂಬಿಕೆ, ಆದ್ದರಿಂದ ಯಾರೂ ಅದನ್ನು ಕೈಬಿಡಲು ಸಿದ್ಧರಿರಲಿಲ್ಲ.

ತೊಂದರೆ ಬಂದದ್ದು ನಾಲ್ಕನೆಯ ನಿಯಮದಿಂದ. ಕೆಳಗೆ ನಿಲ್ಲುವಂತಿಲ್ಲ, ಎಡಬದಿಯಲ್ಲಿ ಚಲಿಸುತ್ತಿರಬೇಕು. ಹರೆಯದವರು ಹೇಗೋ ಅಭ್ಯಾಸ ಮಾಡಿಕೊಂಡರು. ಎದುರುಬದುರಾಗಿ ನಡೆದು ಬಂದು, ಹಾಯುವ ಕ್ಷಣದಲ್ಲಿ ಕತ್ತು ಬಲಕ್ಕೆ ತಿರುಗಿಸಿ, ಕೆಲಸ ಮುಗಿಸಿಕೊಂಡು ಮುಂದೆ ಹೋಗುತ್ತಿದ್ದರು. ಸೈಲಸ್ ಪ್ರೋಬರ್ಟ್ ಚಲಿಸುತ್ತಾ ಏನನ್ನೂ ಮಾಡಿದವನಲ್ಲ. ಇಪ್ಪತ್ತರ ಮಧ್ಯಾಹ್ನ ಡೆನ್ಜಿಲ್ ಸಮ್ಮುಖದಲ್ಲಿ ಅಭ್ಯಾಸವೆಂದು ಅವನೂ ಅಕ್ಕನೂ ಮೂರು ಸಲ ಹಾಯ್ದರು. ಮೊದಲ ಸಲ ಅವನು “ಕ್ಷಮಿಸಿ” ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಎರಡನೆಯ ಸಲ ಟೀ ಪಾತ್ರೆಗೆ ಮೊಣಕೈ ತಗುಲಿತು. ಮೂರನೆಯ ಸಲ ಅವನ ಮುಖದಲ್ಲಿ ಒಂದು ಬಗೆಯ ನಿರ್ಧಾರ ಕಂಡಿತು. ಅಕ್ಕನೂ ಅದನ್ನು ಕಂಡಳು. ಡೆನ್ಜಿಲ್ ಸೀಟಿ ಊದಿದ.

“ನಿಂತ್ರಿ ಮಿಸ್ಟರ್ ಪ್ರೋಬರ್ಟ್!”

“ನಿಂತಿಲ್ಲ. ಯೋಚ್ನೆ ಮಾಡ್ತಿದ್ದೆ.”

“ಯೋಚ್ನೆ ಮಾಡೋದನ್ನ ನಿಂತೇ ಮಾಡಿದ್ರಿ.”

“ಹೌದಾ? ಕ್ಷಮಿಸಿ,” ಎಂದು ಸೈಲಸ್ ಟೋಪಿ ಹಾಕಿಕೊಂಡ.

ಅಕ್ಕ ಬಾಗಿಲವರೆಗೂ ಹೋಗಿ ಬಂದಳು. ಬಂದವಳೇ ಕುರ್ಚಿಯಲ್ಲಿ ಕೂತು, ನಿಂತು, ಮತ್ತೆ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

“ಲೋ ಆಂಬ್ರೋಸ್, ಹುಲ್ಲಿನ ಲಾರಿ, ಮೂಟೆ, ಬಣ್ಣ. ಇದು ಬೀದಿ ದೀಪದ ನಿಯಮ ಅಲ್ವೇನೋ?”

ನಾನು ಟೀ ಪಾತ್ರೆಯನ್ನು ಮೇಜಿನ ನಡುವಿಗೆ ಸರಿಸಿದೆ.

“ಅಲ್ಲಿ ದೀಪದ ಕೆಳಗೆ ಮುತ್ತು ಕೊಡಿ ಅಂತ ಬರ್ದಿರೋದು ನಮ್ಮನೆ ಬಂದಳಿಕೆ ಮಾತು. ಹೌದೋ ಅಲ್ವೋ? ನನ್ನ ಮುಖ ನೋಡಿ ಹೇಳು.”

“ಚೀಟಿಗಳು ಅದಲುಬದಲಾಗಿವೆ ಅಕ್ಕಾ. ನೀನು ಅವತ್ತು ಕಡುಬಿಗೆ ಕೂಗಿದ್ಯಲ್ಲ, ಆಗ.”

“ಓಹೋ! ಹಾಗಾದ್ರೆ ತಪ್ಪು ಕಡುಬಿಂದು!”

“ತಪ್ಪು ಅನ್ನೋ ಹಾಗಿಲ್ಲ. ಅನುಮೋದನೆ ಆಗಿದೆ.”

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. “ಹನ್ನೊಂದು ವರ್ಷ ಕಣೋ,” ಎಂದಳು, ಅಷ್ಟೆ. ನನಗೆ ನಾಚಿಕೆಯಾಯಿತು. ಕೋಟು ಹಾಕಿಕೊಂಡು ಅಧ್ಯಕ್ಷರ ಅಂಗಡಿಗೆ ಹೋದೆ.

ಗಾಡ್‌ಸಾಲ್ ಅವರು ಏಣಿಗಳ ನಡುವೆ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು.

“ಬ್ಯಾಡಮ್, ಆ ನಡಾವಳಿಗೆ ಕೈ ಎತ್ತಿದವರು ಎಷ್ಟು ಜನ?”

“ಒಂಬತ್ತು, ಸರ್.”

“ಅದನ್ನ ಓದಿದವರು?”

“ಯಾರೂ ಇಲ್ಲ, ಸರ್.”

“ಓದದೇನೇ ಒಂಬತ್ತು ಜನ ಒಪ್ಪಿದ್ದಾರೆ ಅಂದ್ರೆ ನಿಮ್ಮ ಮೇಲೆ ಎಷ್ಟು ನಂಬಿಕೆ ಇರ್ಬೇಕು ನೋಡಿ. ಆ ನಂಬಿಕೆಗೆ ಕಲ್ಲು ಹಾಕ್ತೀರಾ?”

“ಹಾಗಲ್ಲ ಸರ್, ನಮ್ಮಕ್ಕ...”

“ತಿದ್ದೋಕೆ ಆಗಲ್ಲ ಅಂತ ನಾನು ಹೇಳ್ತಿಲ್ಲ. ನಾನೇನು ರಾಕ್ಷಸನಾ? ಇಬ್ಬರು ಸದಸ್ಯರು ಸೂಚನೆ ಕೊಡ್ಲಿ. ಹದಿನಾಲ್ಕು ದಿನ ಫಲಕದಲ್ಲಿರ್ಲಿ. ಜನವರಿ ಸಭೇಲಿ ಚರ್ಚೆ ಮಾಡೋಣ. ಆ ಚರ್ಚೆಯ ನಡಾವಳಿನ ಫೆಬ್ರವರೀಲಿ ಅನುಮೋದಿಸೋಣ. ಮಾರ್ಚಿಂದ ನಿಮ್ಮಕ್ಕ ಆರಾಮಾಗಿ ನಿಂತ್ಕೊಂಡೇ...”

“ಅವಳ ರೈಲು ಎರಡನೇ ತಾರೀಕು, ಸರ್.”

ಅಧ್ಯಕ್ಷರು ನಿಜಕ್ಕೂ ನೊಂದುಕೊಂಡರು. “ರೈಲು ನಮ್ಮ ಕೈಯಲ್ಲಿಲ್ಲ ನೋಡಿ,” ಎಂದರು. ಆಮೇಲೆ ಹಸಿರು ಬಣ್ಣದ ಹನ್ನೊಂದು ಡಬ್ಬ ಇನ್ನೂ ಉಳಿದಿದೆ, ನಿಮ್ಮ ಮನೆಗೆ ಮೂರನೆಯ ಸಲ ಬಳಿಯುವುದಾದರೆ ಹೇಳಿ ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಉಳಿದದ್ದು ಬೀದಿ ದೀಪ. ಅಲ್ಲಿ ನಿಲ್ಲಬಹುದಿತ್ತು. ನಿಯಮವೇ ಹಾಗೆ ಹೇಳುತ್ತಿತ್ತು. ಆದರೆ ಊರವರು ಆ ಸೂಚನೆಯನ್ನು ಅನುಮತಿಯೆಂದಲ್ಲ, ಕರ್ತವ್ಯವೆಂದು ತಿಳಿದಿದ್ದರು. ಬ್ಯಾಂಕಿನ ವ್ಯವಸ್ಥಾಪಕರು ಹೆಂಡತಿಯನ್ನು ಕರೆದುಕೊಂಡು ಬಂದು, ಎರಡನೆಯ ದೀಪದ ಕೆಳಗೆ ಟೋಪಿ ತೆಗೆದು, ಕೆನ್ನೆಗೊಂದು ಮುತ್ತು ಕೊಟ್ಟು, ಡೆನ್ಜಿಲ್ ಏಣಿ ಹತ್ತಿ ದೀಪ ಕಿತ್ತ ಮೇಲೆ ರಸೀದಿ ಕೇಳಿದರು. ವೈದ್ಯರೂ ಅವರ ಹೆಂಡತಿಯೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಏಳನೆಯ ದೀಪದ ಕೆಳಗೆ ಬಂದು, ಒಂದು ಮಾತೂ ಆಡದೆ, ನಿಯಮ ಪಾಲಿಸಿ ಬೇರೆಬೇರೆ ದಾರಿಯಲ್ಲಿ ಮನೆಗೆ ಹೋದರು. ದಿನಕ್ಕೆ ಒಂದೆರಡು ದೀಪದಂತೆ ಬೀದಿ ಕತ್ತಲಾಗುತ್ತಾ ಬಂತು. ಜನ ಕಂಬಗಳಿಗೆ ಡಿಕ್ಕಿ ಹೊಡೆದು ಕಂಬಗಳ ಕ್ಷಮೆ ಕೇಳುತ್ತಿದ್ದರು. ಸೈಲಸ್ ಯೋಚಿಸುತ್ತಿದ್ದ. ಇಪ್ಪತ್ತನಾಲ್ಕರ ಬೆಳಗ್ಗೆ ಅವನು ಬಂದು, ದೀಪದ ಕೆಳಗೆ ಹೋಗಿ ನೋಡೋಣವೇ ಎಂದು ಅಕ್ಕನನ್ನು ಕೇಳಿದ. ಆ ಹೊತ್ತಿಗೆ ಒಂದು ದೀಪ ಉಳಿದಿತ್ತು.

ಸಂಜೆ ನಾಲ್ಕಕ್ಕೆ, ಕತ್ತಲಿಳಿಯುವಾಗ, ನಾನು ದಾಖಲೆಗೆಂದು ಪುಸ್ತಕ ಹಿಡಿದು ಅಲ್ಲಿಗೆ ಹೋದೆ. ಕೊನೆಯ ದೀಪದಿಂದ ಬೇಕರಿಯನ್ನೂ ದಾಟಿ ಸರದಿ ಸಾಲು ನಿಂತಿತ್ತು. ಒಟ್ಟು ಹತ್ತೊಂಬತ್ತು ಜೋಡಿ. ಮುಂದೆ ಅಧ್ಯಕ್ಷರು ಮತ್ತು ಅವರ ಹೆಂಡತಿ. ಅವರು ಅಧಿಕಾರ ಬಳಸಿ ಮುಂದೆ ಹೋದವರಲ್ಲ, ಎರಡು ಗಂಟೆಗೇ ಬಂದು ನಿಂತವರು. ಅಕ್ಕ ಮತ್ತು ಸೈಲಸ್ ಹತ್ತನೆಯವರು, ಅವರ ಹಿಂದೆ ಮಿಸೆಸ್ ಲೈಡ್ ಮತ್ತು ಅವರ ಗಂಡ. ಇರುವುದು ಒಂದೇ ದೀಪವೆಂದು ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಲು ಇತ್ತು, ಆದ್ದರಿಂದ ನಿಂತಿದ್ದರು.

ನಾನು ಅಕ್ಕನ ಪಕ್ಕದಲ್ಲಿ ಹೋಗಿ ನಿಂತೆ.

“ಈ ಸಲ ಕಜ್ಜಿರೋಗ ಅಷ್ಟಾಗಿ ಇಲ್ಲ ಮಿಸ್ ಬ್ಯಾಡಮ್,” ಎನ್ನುತ್ತಿದ್ದ ಸೈಲಸ್.

“ಮಿಸ್ಟರ್ ಪ್ರೋಬರ್ಟ್, ನಮ್ಮ ಮುಂದೆ ಒಂಬತ್ತು ಜೋಡಿ ಇದ್ದಾರೆ.”

“ಹೌದು. ಎಣಿಸ್ದೆ.”

“ದೀಪ ಒಂದೇ ಇದೆ.”

“ಹೌದು.”

“ಎರಡನೇ ತಾರೀಕು ನನ್ನ ರೈಲು. ಗೊತ್ತಲ್ಲ?”

“ಗೊತ್ತು.” ಸೈಲಸ್ ಕೊರಳಪಟ್ಟಿ ಸರಿಮಾಡಿಕೊಂಡ. “ಮುಂದಿನ ವರ್ಷ ಸ್ವಲ್ಪ ಬೇಗ ಬಂದು ನಿಂತ್ಕೊಳ್ಳೋಣ ಅಂತ ಯೋಚ್ನೆ ಮಾಡ್ತಿದ್ದೆ.”

ಮುಂದೆ ಅಧ್ಯಕ್ಷರು ಹೆಂಡತಿಯ ಕೆನ್ನೆಗೆ ಮುತ್ತು ಕೊಟ್ಟರು. ಅಲ್ಲಲ್ಲಿ ಸಣ್ಣಗೆ ಚಪ್ಪಾಳೆ ಬಿತ್ತು. ಡೆನ್ಜಿಲ್ ಏಣಿ ಹತ್ತಿ ದೀಪ ತಿರುಗಿಸಿ ಕಿತ್ತ. ಮಾರ್ಕೆಟ್ ಬೀದಿ ಪೂರ್ತಿ ಕತ್ತಲಾಯಿತು.

ಯಾರೂ ಕದಲಲಿಲ್ಲ. ಸಾಲು ಮುಗಿಯಿತೆಂದು ಯಾರೂ ಪ್ರಕಟಿಸಿರಲಿಲ್ಲ. ಅದನ್ನು ಪ್ರಕಟಿಸಬೇಕಾದವನು ನಾನು, ಆದರೆ ಕತ್ತಲಲ್ಲಿ ಪ್ರಕಟಣೆ ಓದಲಾಗುತ್ತಿರಲಿಲ್ಲ. ಮೂವತ್ತಾರು ಜನ ಉಸಿರು ಬಿಡುತ್ತಾ ನಿಂತಿದ್ದರು. ಯಾರೋ ಕೆಮ್ಮಿ, ಕೆಮ್ಮಿದ್ದಕ್ಕೆ ಕ್ಷಮೆ ಕೇಳಿದರು.

“ಟೋಪಿ ತೆಗೀರಿ ಮಿಸ್ಟರ್ ಪ್ರೋಬರ್ಟ್,” ಎಂದಳು ನನ್ನ ಅಕ್ಕ.

“ಯಾಕೆ?”

“ತೆಗೀರಿ ಅಂದೆ.”

ಅವಳು ಅವನ ಕುತ್ತಿಗೆಯ ಉಣ್ಣೆಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದುಕೊಂಡು ಮುತ್ತು ಕೊಟ್ಟಳು. ಮೇಲೆ ದೀಪವಿರಲಿಲ್ಲ, ಬಂದಳಿಕೆಯಿರಲಿಲ್ಲ. ಇಬ್ಬರೂ ಚಲಿಸುತ್ತಿರಲಿಲ್ಲ. ಏನನ್ನೂ ಕೀಳಲಿಲ್ಲ. ಯಾವ ವಿಷಯ ಸಂಖ್ಯೆಯ ಕೆಳಗೂ ಬಾರದ ಮುತ್ತು ಅದು, ಮೇಲಾಗಿ ಬಹಳ ಹೊತ್ತು ನಡೆಯಿತು. ಸೈಲಸ್ ಪ್ರೋಬರ್ಟ್ ಮೊದಲ ಸಲ ಯೋಚಿಸದೆ ಒಂದು ಕೆಲಸ ಮಾಡಿದ, ತಿರುಗಿ ಅವನೂ ಒಂದು ಕೊಟ್ಟ. ನನಗೆ ಸಂತೋಷವಾಯಿತು. ಗುಮಾಸ್ತನಾಗಿ ಆಗಬಾರದಿತ್ತು, ಆದರೂ ಆಯಿತು, ಕಣ್ಣಲ್ಲಿ ನೀರೂ ಬಂತು.

ಹಿಂದಿನಿಂದ ಮಿಸೆಸ್ ಲೈಡ್ ದನಿ ಕೇಳಿಸಿತು. “ಕ್ಷಮಿಸಿ, ಕ್ಯೂ ಮುಂದೆ ಹೋಗ್ತಿದೆಯಾ?”

“ಇಲ್ಲ, ಕ್ಷಮಿಸಿ,” ಎಂದಳು ಅಕ್ಕ. “ನಾವು ಇಲ್ಲೇ ಮುಗಿಸ್ಕೊಂಡ್ವಿ.”

“ಓ. ಇಲ್ಲೇ ಆಗುತ್ತಾ?”

“ಆಯ್ತು.”

“ಗೊತ್ತೇ ಇರ್ಲಿಲ್ಲ ನೋಡಿ. ಹಾಗಾದ್ರೆ ಸ್ವಲ್ಪ ಪಕ್ಕಕ್ಕೆ ಬರ್ತೀರಾ? ನಾವು ಅಲ್ಲಿ ನಿಲ್ತೀವಿ. ಅವಸರ ಇಲ್ಲ.”

ಅಕ್ಕ ಮತ್ತು ಸೈಲಸ್ ಪಕ್ಕಕ್ಕೆ ಸರಿದರು. ಲೈಡ್ ದಂಪತಿ ಅವರಿಬ್ಬರು ನಿಂತಿದ್ದ, ಬೇಕರಿಯ ಮುಂದಿನ ಹಾಸುಗಲ್ಲಿನ ಮೇಲೆ ನಿಂತು ತಮ್ಮದನ್ನು ಮುಗಿಸಿದರು. ಅವರ ಹಿಂದಿನ ಎಂಟು ಜೋಡಿಯೂ ಒಂದೊಂದಾಗಿ ಬಂದು ಅದೇ ಕಲ್ಲಿನ ಮೇಲೆ ನಿಂತವು. ಅಕ್ಕನಿಗಿಂತ ಮುಂದೆ ನಿಂತಿದ್ದ ಎಂಟು ಜೋಡಿ ಮಾತ್ರ ಹಿಂದೆ ಬರಲಿಲ್ಲ. ಹಿಂದೆ ಬಂದರೆ ಸಾಲು ಮುರಿದಂತಾಗುತ್ತಿತ್ತು. ಅವರು ಕಿತ್ತ ದೀಪದ ಕೆಳಗೆ ಆರೂವರೆಯವರೆಗೆ ಕಾದು, ಸಂಜೆ ಬಹಳ ಚೆನ್ನಾಗಿತ್ತೆಂದು ಒಬ್ಬರಿಗೊಬ್ಬರು ಹೇಳಿಕೊಂಡು, ಗೋಡೆ ತಡವುತ್ತಾ ಮನೆಗೆ ಹೋದರು.

ಅಕ್ಕ ರೈಲು ಹತ್ತಲಿಲ್ಲ. ಮಾರ್ಚಿನಲ್ಲಿ ಮದುವೆಯಾಗಿ ಸೈಲಸ್‌ನ ತೋಟದ ಮನೆಗೆ ಹೋದಳು. ಆ ಮನೆಯಲ್ಲಿ ಬಂದಳಿಕೆ ಎಷ್ಟು ಎತ್ತರದಲ್ಲಿದೆಯೆಂದು ನನಗೆ ತಿಳಿಯದು. ಅಲ್ಲಿಗೆ ಊಟಕ್ಕೆ ಹೋದಾಗ ಕಣ್ಣನ್ನು ತಟ್ಟೆಯ ಮೇಲೆ ಇಟ್ಟುಕೊಳ್ಳುತ್ತೇನೆ.

ಜನವರಿಯ ಸಭೆಯಲ್ಲಿ ಇಪ್ಪತ್ತನಾಲ್ಕರ ಘಟನೆ ಚರ್ಚೆಗೆ ಬಂತು. ನಿಯಮಕ್ಕೆ ಹೊರತಾಗಿ ಹತ್ತು ಜೋಡಿ ಮುತ್ತು ಕೊಟ್ಟುಕೊಂಡದ್ದು ಗಂಭೀರವೆಂದೂ, ಆದರೆ ಸಾಲು ಅಚ್ಚುಕಟ್ಟಾಗಿತ್ತೆಂದೂ ಸದಸ್ಯರು ಅಭಿಪ್ರಾಯಪಟ್ಟರು. ಮುಂದಿನ ವರ್ಷದಿಂದ ಕ್ರಿಸ್‌ಮಸ್ ಮುನ್ನಾದಿನ ನಾಲ್ಕು ಗಂಟೆಗೆ ಬೇಕರಿಯ ಮುಂದಿನ ಕಲ್ಲಿನವರೆಗೆ ಸಾಲು ನಿಲ್ಲತಕ್ಕದ್ದೆಂದು ಠರಾವಾಯಿತು. ಅದಕ್ಕೆ ಬೇಕಾದ ಹಿತ್ತಾಳೆಯ ಕಂಬಗಳು ಮತ್ತು ಕೆಂಪು ಹಗ್ಗ ಅಧ್ಯಕ್ಷರಲ್ಲಿ ದಾಸ್ತಾನಿದ್ದವು. ಆ ಚೀಟಿಯನ್ನು ನಾನು ಸರಿಯಾದ ಜಾಗದಲ್ಲೇ ಅಂಟಿಸಿದೆ. ಹಳೆಯ ಎರಡು ಠರಾವುಗಳನ್ನು ತಿದ್ದುವ ಮಾತು ಯಾರೂ ಎತ್ತಲಿಲ್ಲ. ಎಲ್ಲರ ಮನೆಯಲ್ಲೂ ಸೂರಿನ ತೂತಿಗೆ ಒಳ್ಳೆಯ ಕಟಕಟೆ ಹಾಕಿಸಿಯಾಗಿತ್ತು.

ಈಗ ಅಕ್ಕಪಕ್ಕದ ಊರಿನವರೂ ಬರುತ್ತಾರೆ. ಎರಡು ಗಂಟೆಯಿಂದಲೇ ಸಾಲು ಬೆಳೆಯುತ್ತದೆ. ಅದರ ಮುಂದುಗಡೆ ದೀಪವಿಲ್ಲ, ಬಂದಳಿಕೆಯಿಲ್ಲ, ಒಂದು ಕಲ್ಲು ಇದೆ. ಏತಕ್ಕೆ ನಿಂತಿದ್ದೀರೆಂದು ಕೇಳುವುದು ಸಭ್ಯತೆಯಲ್ಲವಾದ್ದರಿಂದ ಯಾರೂ ಕೇಳುವುದಿಲ್ಲ. ಜೋಡಿಯಾಗಿ ಬಂದವರು ಕಲ್ಲಿನ ಮೇಲೆ ನಿಂತು ಮುತ್ತು ಕೊಟ್ಟು ಹೋಗುತ್ತಾರೆ.

ಕಳೆದ ವರ್ಷ, ಕೆಲಸದಿಂದ ನಿವೃತ್ತನಾದ ಮೇಲೆ, ನಾನೂ ಹೋಗಿ ನಿಂತೆ. ಒಬ್ಬನೇ ಬಂದವನು ನಿಲ್ಲಬಾರದೆಂದು ಠರಾವಿನಲ್ಲಿಲ್ಲ. ಒಂದೂಮುಕ್ಕಾಲು ಗಂಟೆ ನಿಂತೆ. ಮುಂದಿದ್ದವರು ಹವೆಯ ಬಗ್ಗೆ ಚೆನ್ನಾಗಿ ಮಾತಾಡಿದರು. ನನ್ನ ಸರದಿ ಬಂತು. ಕಲ್ಲಿನ ಮೇಲೆ ನಿಂತು, ಟೋಪಿ ತೆಗೆದು, ಎಲ್ಲರಿಗೂ ಎಷ್ಟು ಹೊತ್ತು ಬೇಕಾಗುತ್ತದೋ ಅಷ್ಟು ಹೊತ್ತು ಎದುರಿನ ಖಾಲಿ ಜಾಗವನ್ನು ನೋಡಿದೆ. ಆಮೇಲೆ ಧನ್ಯವಾದ ಹೇಳಿ ಪಕ್ಕಕ್ಕೆ ಸರಿದೆ, ಹಿಂದಿದ್ದವರಿಗೆ ತಡವಾಗುತ್ತಿತ್ತು.